ಹದಿನೈದನೆಯವರು

ಟೈಲ್ಸ್ ಅಂಗಡಿಯವರು ಮತ್ತೆ ಹಗ್ಗ ಎತ್ತಿ ಅದರಡಿಯಿಂದ ನುಸುಳಿದರು. ಅವರ ಹಿಂದೆಯೇ ಅವರ ಹೆಂಡತಿ, ಹೆಂಡತಿಯ ಸೆರಗು ಹಿಡಿದುಕೊಂಡು ಕಿರಿಯ ಮಗಳು. ನಾನು ಶಿಳ್ಳೆ ಊದಿದೆ.

"ಸಾರ್, ನೀವು ಔಟ್. ನಿಮ್ಮ ಹಿಂದಿದ್ದವರು ಈಗಾಗ್ಲೇ ದೂರು ಕೊಟ್ಟಾಯ್ತು."

"ಹಿಂದೆ ಯಾರಿದಾರೆ ಮೇಡಂ?"

ಹಿಂದೆ ಇದ್ದದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಬೆನ್ನಿಗೆ 'ಅಲ್ಲಿಯವರು' ಎಂದು ಬರೆದ ಕಾಗದ ಅಂಟಿಸಿದ್ದೆ. ಅಂಥ ಕುರ್ಚಿಗಳು ಸಾಲಿನುದ್ದಕ್ಕೂ ಒಂಬತ್ತು ಇದ್ದವು, ಒಂದರಿಂದ ಒಂದಕ್ಕೆ ಚಾಚಿದ ತೋಳಿನಷ್ಟು ಜಾಗ ಬಿಟ್ಟು. ಆ ಜಾಗವೇ ಪಾಠ. ಅದನ್ನು ಕಂಡ ತಕ್ಷಣ ನಮ್ಮವರಿಗೆ ಸಾಲು ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಹೋಗಿ ನಿಂತುಬಿಡುತ್ತಾರೆ. ನಿಂತದ್ದು ತಪ್ಪು ಎಂದು ಎಷ್ಟು ಹೇಳಿದರೂ ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡುವುದಿಲ್ಲ.

"ಅಷ್ಟೊಂದು ಜಾಗ ಬಿಟ್ರೆ ಮಧ್ಯೆ ಯಾರಾದ್ರೂ ನುಗ್ಗಲ್ವಾ?" ಎಂದು ಕೇಳಿದರು ಟೈಲ್ಸ್ ಅಂಗಡಿಯವರು.

"ಅಲ್ಲಿ ನುಗ್ಗೋರು ನಾವೇ ಸಾರ್. ಮತ್ತೆ ಮೊದಲಿಂದ ಬನ್ನಿ."

ಮೂರನೆಯ ಮಹಡಿಯ ಈ ಕೋಣೆಗೆ ಕಿಟಕಿಗಳಿವೆ, ಆದರೆ ತೆರೆಯುವುದಿಲ್ಲ. ಎ.ಸಿ. ಹಾಕಿಸಿದ ವರ್ಷ ಮಾಲೀಕರು ಅವಕ್ಕೆಲ್ಲ ಬಿಳಿ ಹಾಳೆ ಅಂಟಿಸಿ, ಅಂಚಿಗೆ ಸಿಲಿಕಾನ್ ಬಳಿಸಿದರು. ಹೊರಗೆ ಬಿಸಿಲೋ ಮೋಡವೋ ತಿಳಿಯದು. ಒಳಗೆ ಹನ್ನೊಂದು ಕಂಬ, ಕೆಂಪು ಹಗ್ಗ, ಏಳು ತಿರುವು. ವಿದೇಶದ ಥೀಮ್ ಪಾರ್ಕ್‌ಗಳಿಗೆ ಹೊರಟ ಕುಟುಂಬಗಳು ಇಲ್ಲಿ ಒಂದು ದಿನ ಸಾಲಿನಲ್ಲಿ ನಿಲ್ಲುವುದನ್ನು ಕಲಿತು ಹೋಗುತ್ತವೆ. ಬೇರೆ ಯಾವ ಟ್ರಾವೆಲ್ಸ್‌ನಲ್ಲೂ ಇದಿಲ್ಲ. ನಮ್ಮಲ್ಲಿ ಇರುವುದಕ್ಕೆ ಕಾರಣ, ಕೆಲವು ವರ್ಷಗಳ ಹಿಂದೆ ನಮ್ಮ ಒಂದು ತಂಡವನ್ನು ಅಲ್ಲಿನ ಒಂದು ಪಾರ್ಕು ಮಧ್ಯಾಹ್ನಕ್ಕೇ ಹೊರಗೆ ಕಳಿಸಿತ್ತು. ಒಬ್ಬರು ನಿಂತು, ಹಿಂದಿನಿಂದ ಇಪ್ಪತ್ತೊಂದು ಜನ ಬಂದು ಸೇರಿಕೊಂಡಿದ್ದರು. ನಮ್ಮ ಪ್ರಕಾರ ಒಬ್ಬರು ನಿಂತರೆ ಮನೆ ನಿಂತ ಹಾಗೆ. ಅವರ ಪ್ರಕಾರ ನಿಂತವರು ಒಬ್ಬರು, ಅಷ್ಟೇ.

ಆ ಪತ್ರ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ ಇನ್ನೂ ಹಲವು. ಸಾಲಿನ ಮಧ್ಯೆ ಚಾದರ ಹಾಸಿ ಊಟಕ್ಕೆ ಕೂತವರ ಬಗ್ಗೆ ಒಂದು. ಕರಡಿಯ ವೇಷ ಹಾಕಿದವನ ಬಾಯಿಗೆ ಅಕ್ಕರೆಯಿಂದ ಬಿಸ್ಕತ್ತು ತುರುಕಿದ ಒಬ್ಬ ಅಜ್ಜನ ಬಗ್ಗೆ ಒಂದು. ಮಗು ಬಿದ್ದಾಗ ಹದಿನಾಲ್ಕು ಅಪರಿಚಿತರು ಓಡಿಬಂದು ಎತ್ತಿ ಮುದ್ದಾಡಿದ್ದಕ್ಕೆ ಹೆದರಿದ ಅಲ್ಲಿನ ತಾಯಿಯೊಬ್ಬಳ ಬಗ್ಗೆ ಒಂದು. ಎಲ್ಲವೂ ಬಹಳ ವಿನಯದ ಪತ್ರಗಳು. ನಾನು ಅವನ್ನೇ ಓದಿ ಓದಿ ಆ ಊರುಗಳನ್ನು ಕಲಿತೆ. ಯಾವ ಸವಾರಿಗೆ ಬೆಳಿಗ್ಗೆ ಜನ ಕಡಿಮೆ, ಯಾವ ಗೇಟಿನ ಹತ್ತಿರ ನೆರಳಿದೆ, ಯಾವ ದೇಶದವರು ಸವಾರಿ ಮುಗಿದಾಗ ಚಪ್ಪಾಳೆ ತಟ್ಟುತ್ತಾರೆ, ಯಾರು ಮೌನವಾಗಿ ಇಳಿದು ಹೋಗುತ್ತಾರೆ, ಎಲ್ಲ ಗೊತ್ತು. ನಿಮಿಷ ನಿಮಿಷದ ಪಟ್ಟಿ ನಾನೇ ಬರೆಯುತ್ತೇನೆ.

ಹೋಗಿಲ್ಲ, ಅಷ್ಟೇ. ಏಳು ವರ್ಷ. ಒಮ್ಮೆ ಪಾಸ್‌ಪೋರ್ಟಿನ ಅವಧಿ ಮುಗಿದು ಹೊಸದು ಮಾಡಿಸಿದೆ. ಹಳೆಯದರಲ್ಲಿ ಒಂದು ಠಸ್ಸೆಯೂ ಇರಲಿಲ್ಲ. ನಾನು ಅಕ್ಕನ ಮನೆಯಲ್ಲಿರುವುದು. ಭಾವ ಊಟಕ್ಕೆ ಕೂತಾಗಲೆಲ್ಲ, "ಇವಳು ಒಣ ತೊಟ್ಟೀಲಿ ಈಜು ಕಲಿಸ್ತಾಳೆ ನೋಡು" ಎಂದು ಅಕ್ಕನಿಗೆ ಹೇಳಿ ತಾವೇ ನಗುತ್ತಾರೆ. ಅಕ್ಕ ನಗುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತಾಳೆ. ಅದು ಇನ್ನೂ ಕಷ್ಟ.

ಕಂಪನಿಯ ನಿಯಮ ಸರಳ. ತಂಡದಲ್ಲಿ ಹದಿನೈದು ಜನರಿದ್ದರೆ ಜೊತೆಗೆ ಒಬ್ಬ ಮಾರ್ಗದರ್ಶಕರು ಹೋಗಬಹುದು. ಹದಿನಾಲ್ಕಾದರೆ ಇಲ್ಲ. ಹದಿನೈದು ತುಂಬಿದಾಗಲೆಲ್ಲ ಮಾಲೀಕರು ತಮ್ಮ ಬಾಮೈದನನ್ನು ಕಳಿಸುತ್ತಿದ್ದರು. ನಾನು ಕೇಳಿದರೆ, ನೀನು ಹೋದರೆ ಇಲ್ಲಿ ಪಾಠ ಮಾಡೋರು ಯಾರು, ನಿನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ ಎನ್ನುತ್ತಿದ್ದರು. ಹೊಗಳಿಕೆಗೆ ಎದುರಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಈ ಸಲ ಮಾತ್ರ ಟೈಲ್ಸ್ ಅಂಗಡಿಯವರು, ಬಂದರೆ ಈ ಮೇಡಮ್ಮೇ ಬರಬೇಕು ಎಂದು ಮಾಲೀಕರ ಮೇಜಿನ ಮೇಲೆ ಕೈಯೂರಿ ಹೇಳಿದರು. ಅವರದು ಹದಿನಾಲ್ಕು ಜನರ ಮನೆ. ಅವರ ತಾಯಿ ಸೇರಿದರೆ ಹದಿನೈದು. ಟಿಕೆಟ್‌ಗೆ ಹೆಸರುಗಳು ಇವತ್ತು ಸಂಜೆ ಐದರೊಳಗೆ ಹೋಗಬೇಕಿತ್ತು. ಪಟ್ಟಿಯ ಹದಿನಾರನೆಯ ಸಾಲಿನಲ್ಲಿ ನನ್ನ ಹೆಸರು ಟೈಪಾಗಿತ್ತು. ಬೆಳಗಿನಿಂದ ನಾಲ್ಕು ಸಲ ತೆರೆದು ನೋಡಿದ್ದೆ.

ಹದಿನೈದನೆಯವರು ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತನಾಲ್ಕು ವರ್ಷ. ಉಳಿದವರು ಲಿಫ್ಟಿಗೆ ಕಾಯುತ್ತಿದ್ದಾಗ ಮೆಟ್ಟಿಲು ಹತ್ತಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು. ಉಸಿರು ಕೂಡ ಏರಿರಲಿಲ್ಲ. ನನ್ನ ಕೈಗೆ ಒಂದು ಕರವಸ್ತ್ರ ಕೊಟ್ಟು, ಮುಖ ಒರೆಸಿಕೋ, ಎ.ಸಿ. ಇದ್ರೂ ಬೆವರ್ತಿದೀಯ ಎಂದಿದ್ದರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮನುಷ್ಯರನ್ನು ಕಂಡರೆ ಮೊದಲು ನೋಡುವುದು ಹಣೆಯನ್ನು.

ಪಾಠದ ನಡುವೆ ಬಿಡುವು ಸಿಕ್ಕಾಗ ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಹಿಂದಿನ ಮೂರು ಪ್ರವಾಸಗಳಲ್ಲಿ ಮನೆಯ ಬೀಗದ ಕೈ, ಕುಂಡಗಳು, ಮೀನಿನ ತೊಟ್ಟಿ ಅವರ ಪಾಲಿಗೆ. ಈ ಸಲ ಮಗ ಬಂದು ಹಾಸಿಗೆಯ ಅಂಚಿಗೆ ಕೂತು, ನೀನಿಲ್ಲದೆ ನಾವು ಹೋಗೋದೇ ಇಲ್ಲಮ್ಮ ಎಂದನಂತೆ. ಬೆಳಗಿನ ವಾಕಿಂಗ್‌ನ ಗೆಳತಿಯರಿಗೆಲ್ಲ ಹೇಳಿ ಮುಗಿಸಿದ್ದಾರೆ. ಹೊಸ ಕ್ಯಾನ್ವಾಸ್ ಬೂಟು ತೆಗೆದುಕೊಂಡು, ದಿನವೂ ಹಾಕಿ ಪಳಗಿಸುತ್ತಿದ್ದಾರೆ. "ವಯಸ್ಸಾದ ಮೇಲೆ ಕರೆಯೋದೇ ದೊಡ್ಡದು ಕಣಮ್ಮ," ಎಂದರು. ನಾನು ಕಾಗದಗಳನ್ನು ಸರಿಮಾಡಿಕೊಂಡೆ.

ಏಕೆಂದರೆ ಅವರನ್ನು ಏಕೆ ಕರೆದಿದ್ದಾರೆಂದು ನನಗೆ ಗೊತ್ತಿತ್ತು. ಸವಾರಿಗಳ ಪಟ್ಟಿ ಬರೆದವಳು ನಾನೇ.

ಮಾಲೀಕರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು, ಮುಂದೆ ಒಂದು ವೀಲ್‌ಚೇರ್. ಆಸನದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಅಜ್ಜಿ ಎದ್ದು ಬಂದು ಮೊದಲು ಎರಡೂ ಬ್ರೇಕು ಒತ್ತಿ ನೋಡಿದರು. ಬಗ್ಗಿ ಕಾಲಿಡುವ ಪಟ್ಟಿಯನ್ನು ಅಲ್ಲಾಡಿಸಿದರು. ಎಡಗಡೆಯದು ಸಡಿಲ ಇದೆ, ಹೀಗೇ ಬಿಟ್ರೆ ಕೂತವರ ಹಿಮ್ಮಡಿ ಕೆತ್ತುತ್ತೆ ಎಂದು ಮಾಲೀಕರಿಗೆ ಹೇಳಿದರು. ಆಮೇಲೆ ತಲೆ ಎತ್ತಿ ಕೇಳಿದರು.

"ಯಾರಿಗೆ ಹುಷಾರಿಲ್ಲ?"

ಕಿರಿಯ ಮೊಮ್ಮಗಳು ಹಗ್ಗಕ್ಕೆ ಜೋತುಬಿದ್ದಳು, ಕಂಬ ಕಿರ್‌ಗುಟ್ಟಿತು.

ಕೊನೆಗೆ ಮಗ ಬಾಯಿಬಿಟ್ಟರು. ನಾವು ಹೋಗೋ ಪಾರ್ಕಿನಲ್ಲಿ ನಡೆಯಲಾಗದವರಿಗೆ ಬೇರೆ ಗೇಟು. ಸಾಲೇ ಇಲ್ಲ. ಜೊತೆಗೆ ಐದು ಜನರನ್ನು ಬಿಡುತ್ತಾರೆ. ಪಕ್ಕದ ಮನೆಯವರು ಹಾಗೇ ಹೋಗಿ ಬಂದರು, ಎರಡು ಗಂಟೆಯ ಸಾಲು ಹತ್ತು ನಿಮಿಷವಾಯಿತಂತೆ. ಮಕ್ಕಳು ಬಿಸಿಲಲ್ಲಿ ನಿಲ್ಲೋದು ತಪ್ಪುತ್ತೆ. ಸುಮ್ಮನೆ ಕೂರೋದು ಅಷ್ಟೇ ಅಮ್ಮ, ಏನೂ ಮಾಡಬೇಕಾಗಿಲ್ಲ. ಸೊಸೆ ಅದಕ್ಕೆ ಸೇರಿಸಿದರು: ಅತ್ತೆಗೂ ಆರಾಮ, ರಾಣಿ ಥರ ಓಡಾಡಬಹುದು.

ಅಜ್ಜಿ ಕುರ್ಚಿಯನ್ನು ನೋಡಿದರು, ಮಗನನ್ನು ನೋಡಿದರು. ನಕ್ಕುಬಿಟ್ಟರು. "ಪಕ್ಕದ ಮನೆಯವರಿಗೆ ನಿಜವಾಗ್ಲೂ ಮಂಡಿ ಹೋಗಿದೆ ಕಣೋ," ಎಂದರು. ಆದರೂ ಸೆರಗು ಒಟ್ಟುಮಾಡಿಕೊಂಡು ಕೂತರು. ಮೊಮ್ಮಗಳು ಕುಣಿದಳು. ಮಾಲೀಕರು ಗಡಿಯಾರ ನೋಡಿ ನನಗೆ ಕಣ್ಣು ಮಿಟುಕಿಸಿದರು. ನಾನು ಹೆಸರುಗಳ ಪಟ್ಟಿ ತೆರೆದು ಹದಿನಾರನೆಯ ಸಾಲನ್ನು ಐದನೆಯ ಸಲ ನೋಡಿದೆ.

ಪಾಠ ಮುಂದುವರಿಯಿತು. ಮಗ ತಳ್ಳಿದರು, ಉಳಿದವರು ಪಕ್ಕದಲ್ಲಿ ನಡೆದರು. ಮೊದಲ ತಿರುವಿನಲ್ಲಿ ಸೊಸೆ ತಮ್ಮ ಕೈಚೀಲವನ್ನು ಅಜ್ಜಿಯ ಮಡಿಲಲ್ಲಿಟ್ಟರು. ಎರಡನೆಯದರಲ್ಲಿ ಮೊಮ್ಮಗಳ ನೀರಿನ ಬಾಟಲಿ ಬಂತು. ಮೂರನೆಯದರಲ್ಲಿ ಯಾರದೋ ಕೋಟು. ಗಂಡ ಹೆಂಡತಿ ಅಜ್ಜಿಯ ತಲೆಯ ಮೇಲಿಂದಲೇ ಹೋಟೆಲಿನ ಕೋಣೆಗಳ ಹಂಚಿಕೆ ಮಾತಾಡತೊಡಗಿದರು; ಅಮ್ಮನಿಗೆ ಮಕ್ಕಳ ಕೋಣೆ ಸಾಕು, ಅಮ್ಮ ಎಲ್ಲಾದರೂ ಮಲಗ್ತಾಳೆ. ಅಮ್ಮನಿಗೆ ಬಾಯಾರಿದೆಯೇನೋ ಎಂದು ಸೊಸೆ ಕೇಳಿದ್ದು ಗಂಡನನ್ನು. ಇರಲಾರದು, ಈಗ ತಾನೇ ಕುಡಿದಿದಾಳೆ ಎಂದು ಅವರು ಉತ್ತರಿಸಿದರು. ಅಜ್ಜಿಯ ಗಲ್ಲದವರೆಗೆ ಸಾಮಾನು ಏರಿತ್ತು. ಕೈಗಳು ಎಲ್ಲಿವೆಯೋ ಕಾಣುತ್ತಿರಲಿಲ್ಲ.

ಐದನೆಯ ತಿರುವಿನಲ್ಲಿ ಅವರು ನನ್ನ ಕೈಯಲ್ಲಿದ್ದ ಕಾಗದ ಕೇಳಿದರು. ಕೊಡದೆ ಇರಲು ಕಾರಣ ಹೊಳೆಯಲಿಲ್ಲ, ಕೊಟ್ಟೆ. ಅದೊಂದು ಅಚ್ಚುಕಟ್ಟಾದ ಪಟ್ಟಿ, ಎರಡು ದಿನ ಕೂತು ಮಾಡಿದ್ದು. ಒಂದು ಸಲಕ್ಕೆ ಐದೇ ಜನರನ್ನು ಬಿಡುತ್ತಾರಾದ್ದರಿಂದ ಹದಿನಾಲ್ಕು ಜನರನ್ನು ಮೂರು ಗುಂಪು ಮಾಡಿದ್ದೆ. ಒಂದು ಗುಂಪು ಒಳಗೆ ಹೋಗುವಾಗ ಕುರ್ಚಿಯನ್ನು ಗೇಟಿನಿಂದ ಹಿಂದಕ್ಕೆ ತಂದು ಎರಡನೆಯ ಗುಂಪಿಗೆ, ಆಮೇಲೆ ಮೂರನೆಯದಕ್ಕೆ. ಇಪ್ಪತ್ತೆರಡು ಸವಾರಿ. ರಕ್ತದೊತ್ತಡ ಇರುವುದರಿಂದ ಅಜ್ಜಿ ಯಾವುದಕ್ಕೂ ಹತ್ತುವಂತಿಲ್ಲ ಎಂದು ಮಗ ಮೊದಲೇ ಹೇಳಿದ್ದರು. ನಾನು ಖುಷಿಯಿಂದಲೇ ಲೆಕ್ಕ ಹಾಕಿದ್ದೆ. ಎಲ್ಲೂ ಒಂದು ನಿಮಿಷ ಪೋಲಾಗುತ್ತಿರಲಿಲ್ಲ.

ಅವರು ಕನ್ನಡಕ ಮೂಗಿನ ತುದಿಗೆ ತಂದು, ಬೆರಳಿಟ್ಟು, ಒಂದೊಂದೇ ಸಾಲು ಓದಿದರು.

"ಇದ್ರಲ್ಲಿ ನಾನೆಲ್ಲಿದೀನಿ?"

ನಾನು ತೋರಿಸಿದೆ. ಪಟ್ಟಿಯ ಮೂರನೆಯ ಕಾಲಮ್ಮಿನ ತಲೆಯಲ್ಲಿ 'ಕುರ್ಚಿ' ಎಂದಿತ್ತು. ಕೆಳಗೆ ಅರವತ್ತಾರು ಸಲ ಕುರ್ಚಿ, ಕುರ್ಚಿ, ಕುರ್ಚಿ. ಅವರ ಹೆಸರು ಬರೆಯಬಾರದೆಂದು ನಾನು ಯೋಚಿಸಿರಲಿಲ್ಲ. ಯೋಚಿಸಿಯೇ ಇರಲಿಲ್ಲ.

ಅವರು ಕಾಗದವನ್ನು ಬಾಟಲಿ ಕೋಟುಗಳ ಮೇಲೆ ಇಟ್ಟುಕೊಂಡರು. ಮಾಲೀಕರು ಬಾಗಿಲಿಂದ, ಗೇಟಿನ ಪ್ರಶ್ನೆ ಮುಗಿಸಿಬಿಡು, ನಾಲ್ಕೂವರೆ ಆಯ್ತು ಎಂದರು.

ಗೇಟಿನ ಪ್ರಶ್ನೆಯೇ ಇದರಲ್ಲಿ ಅತಿ ನಾಜೂಕಿನ ಭಾಗ. ಗೋಡೆಯ ಮೇಲಿನ ಒಂದು ಪತ್ರ ಅದರ ಬಗ್ಗೆಯೇ ಇದೆ. ನಮ್ಮ ಹಿಂದಿನ ತಂಡವೊಂದರಲ್ಲಿ ವೀಲ್‌ಚೇರಿನಲ್ಲಿ ಬಂದ ಮಹನೀಯರು ಫೋಟೋ ತೆಗೆಸಿಕೊಳ್ಳಲು ಎದ್ದು ಓಡಿದ್ದರು. ಪಾರ್ಕಿನವರು ಬೈದಿರಲಿಲ್ಲ. ಅವರ ಆರೋಗ್ಯ ಈಗ ಹೇಗಿದೆ, ಓಡಿದ್ದರಿಂದ ತೊಂದರೆಯಾಗಲಿಲ್ಲ ತಾನೇ ಎಂದು ವಿಚಾರಿಸಿದ್ದರು. ಅಂದಿನಿಂದ ನಾನು ಇದನ್ನು ಪಾಠದಲ್ಲಿ ಸೇರಿಸಿದ್ದೆ. ಗೇಟಿನ ಸಿಬ್ಬಂದಿಯ ನೀಲಿ ಟೋಪಿ ಹಾಕಿಕೊಂಡು ನಾನು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತೆ. ಅಲ್ಲಿ ಹಾಗೆಯೇ ಕೂರುತ್ತಾರೆ, ಕೂತವರ ಕಣ್ಣಿಗೆ ಕಣ್ಣು ಸಮವಾಗುವ ಹಾಗೆ.

"ನಮಸ್ಕಾರ. ನಿಮಗೆ ನಡೆಯೋಕೆ ಆಗುತ್ತಾ?"

"ಆಗಲ್ಲ, ಅವರಿಗೆ ಮಂಡಿ ನೋವು," ಎಂದರು ಮಗ.

"ಸಾರ್, ಅಲ್ಲಿ ನಿಮ್ಮನ್ನ ಕೇಳಲ್ಲ. ಅವರನ್ನೇ ಕೇಳ್ತಾರೆ. ನೀವು ಉತ್ತರ ಕೊಟ್ರೆ ಅನುಮಾನ ಬರುತ್ತೆ."

ಮತ್ತೆ ಕೇಳಿದೆ. ಈ ಸಲ ಸೊಸೆ, "ಒಂದು ಹೆಜ್ಜೇನೂ ಇಡೋಕಾಗಲ್ಲ" ಎಂದರು. ಅವರ ಬಾಯಿಗೆ ಅದು ತಾನಾಗಿಯೇ ಬಂತು. ಮೂರನೆಯ ಸಲ ಮೊಮ್ಮಗಳು ಉತ್ತರಿಸಿದಳು. ನಾನು ಉಳಿದವರನ್ನೆಲ್ಲ ಸರಿಸಿ ಹಗ್ಗದ ಆಚೆ, ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ನಿಲ್ಲಿಸಿದೆ. ತೋಳಿನಷ್ಟು ದೂರಕ್ಕೆ. ಅವರು ನಿಂತರು, ಮೊದಲ ಸಲ ಸರಿಯಾಗಿ.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಲ್ಲಿ ಹೀಗೇ ಕೇಳ್ತಾರಾ? ಕೆಳಗೆ ಕೂತು?"

"ಹೂಂ ಅಜ್ಜಿ. ಪ್ರತಿ ಗೇಟಲ್ಲೂ."

"ನಾನು ಅಷ್ಟು ವರ್ಷ ತಳ್ಳಿದೀನಿ ಕಣಮ್ಮ. ಎಷ್ಟು ಜನಾನೋ. ಮಾತ್ರೆ ತಗೊಂಡ್ರಾ, ರಾತ್ರಿ ನಿದ್ದೆ ಬಂತಾ, ಎಲ್ಲಾ ಪಕ್ಕದಲ್ಲಿ ನಿಂತೋರನ್ನೇ ಕೇಳ್ತಿದ್ದೆ. ಕೂತಿರೋರ ಮುಖ ಹೇಗಿರ್ತಿತ್ತೋ ನೆನಪೇ ಇಲ್ಲ."

ನಾನು ಟೋಪಿ ಸರಿಮಾಡಿಕೊಂಡೆ. ಮಾಲೀಕರು ಕೆಮ್ಮಿದರು. ಉತ್ತರ ಒಂದೇ ಪದ. ಆಗಲ್ಲ. ಅದನ್ನು ಅವರು ಹೇಳಿದರೆ ಪಾಠ ಮುಗಿಯುತ್ತಿತ್ತು, ಪಟ್ಟಿ ಹೋಗುತ್ತಿತ್ತು, ಮುಂದಿನ ತಿಂಗಳು ನಾನು ತೆರೆಯುವ ಕಿಟಕಿಗಳಿರುವ ಊರಿನಲ್ಲಿ ಇರುತ್ತಿದ್ದೆ. ಅವರ ತುಟಿಯನ್ನೇ ನೋಡುತ್ತ ಮತ್ತೊಮ್ಮೆ ಕೇಳಿದೆ. ನಿಮಗೆ ನಡೆಯೋಕೆ ಆಗುತ್ತಾ?

"ಆಗುತ್ತೆ," ಎಂದರು.

ಕೋಟು, ಬಾಟಲಿ, ಚೀಲಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಎರಡೂ ಬ್ರೇಕು ಹಾಕಿದರು. ಎದ್ದರು. ಉಳಿದ ಎರಡು ತಿರುವುಗಳನ್ನು ಹಗ್ಗ ಮುಟ್ಟದೆ, ಎಲ್ಲೂ ನುಸುಳದೆ, ಸಾವಕಾಶವಾಗಿ ನಡೆದು ಬಾಗಿಲಿಗೆ ಬಂದರು. ಹೊಸ ಬೂಟುಗಳು ನೆಲದ ಮೇಲೆ ಚುಯ್ ಚುಯ್ ಅಂದವು.

ಮಗ ಹಿಂದೆ ಬಂದು ಅಮ್ಮಾ ಎಂದರು. ಹಟ ಮಾಡಬೇಡ, ಆರು ದಿನ ಅಷ್ಟೇ ಎಂದರು. ಅಜ್ಜಿ ಇಲ್ಲವೆಂದು ತಲೆ ಅಲ್ಲಾಡಿಸಿದ ಮೇಲೆ, ಹಾಗಾದ್ರೆ ಆ ಬಿಸಿಲಲ್ಲಿ ನಿನಗೆ ಸಾಲು ನಿಲ್ಲೋಕಾಗಲ್ಲ, ಮನೆಯಲ್ಲಿರೋದೇ ವಾಸಿ ಎಂದರು. ಸೊಸೆ, ಮೀನಿಗೆ ಯಾರನ್ನಾದ್ರೂ ನೋಡ್ಬೇಕಾಗಿತ್ತು, ಅದಾದ್ರೂ ತಪ್ಪಿತು ಎಂದರು, ಮೆಲ್ಲಗೆ, ಆದರೆ ಈ ಕೋಣೆಯಲ್ಲಿ ಎಲ್ಲವೂ ಕೇಳಿಸುತ್ತದೆ. ಯಾರಿಗೂ ಸಿಟ್ಟು ಬರಲಿಲ್ಲ. ಒಂದು ಅನುಕೂಲ ಕೈತಪ್ಪಿತು, ಅವರು ಅದನ್ನು ಬಿಟ್ಟು ಮುಂದೆ ಹೋದರು. ಹದಿನಾಲ್ಕು ಜನರ ಪಟ್ಟಿ ಹೇಗಿರಬೇಕೆಂದು ಮಾಲೀಕರ ಜೊತೆ ಆಗಲೇ ಮಾತು ಶುರುವಾಗಿತ್ತು. ಮಾಲೀಕರು ನನ್ನತ್ತ ನೋಡಲೇ ಇಲ್ಲ. ಮುಂದಿನ ವಾರದ ತಂಡಕ್ಕೆ ಕಂಬಗಳ ಅಂತರ ಸ್ವಲ್ಪ ಕಡಿಮೆ ಮಾಡಬೇಕು ಎಂದರು, ನನಗೋ, ಗೋಡೆಗೋ.

ಅಜ್ಜಿ ಹೊರಗೆ ಮೆಟ್ಟಿಲ ಬಳಿ ಇದ್ದರು. ನಾನು ಓಡಿದೆ. ಕೈಯಲ್ಲಿ ಇನ್ನೂ ಅವರ ಮನೆಯವರ ಕೋಟು, ತಲೆಯ ಮೇಲೆ ನೀಲಿ ಟೋಪಿ.

ಕುರ್ಚಿ ಬೇಡ ಎಂದೆ. ನೀವು ನಡೆದೇ ಬನ್ನಿ. ನಿಮ್ಮ ಮಗನಿಗೆ ನಾನು ಹೇಳುತ್ತೇನೆ. ನಾನು ನಿಮ್ಮ ಜೊತೆಗೇ ಇರುತ್ತೇನೆ, ನೆರಳಿರುವ ದಾರಿ ನನಗೆ ಗೊತ್ತು, ಯಾವ ಬೆಂಚು ಎಲ್ಲಿದೆ ಗೊತ್ತು. ಒಂದು ದೋಣಿ ಇದೆ, ಬಹಳ ನಿಧಾನ, ಬಿ.ಪಿ. ಇದ್ದವರೂ ಹತ್ತಬಹುದು, ಎರಡೂ ಕಡೆ ಮರ. ಬೆಳಿಗ್ಗೆ ಒಂಬತ್ತೂಕಾಲಿಗೆ ಹೋದರೆ ಜನವೇ ಇರುವುದಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರೇ ಬರೆಯುತ್ತೇನೆ, ಈಗಲೇ, ಕೈಯಲ್ಲೇ. ಹೇಳುತ್ತ ಹೇಳುತ್ತ ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸುತ್ತಿತ್ತು. ಹಾಸಿಗೆಯ ಅಂಚಿಗೆ ಕೂತು ಮಾತಾಡುವವರ ದನಿ.

ಅವರು ಪೂರ್ತಿ ಕೇಳಿದರು. ಮೆಟ್ಟಿಲ ಕಂಬಿಯ ಮೇಲೆ ಕೈ ಇಟ್ಟುಕೊಂಡೇ.

"ಅವರೆಲ್ಲ ಬಿಟ್ರಲ್ಲ, ನೀನ್ಯಾಕೆ ಇಷ್ಟು ಒತ್ತಾಯ ಮಾಡ್ತಿದೀಯ?"

ಸುಳ್ಳು ಹೇಳಬಹುದಿತ್ತು. ನಿಮ್ಮನ್ನು ಕಂಡರೆ ಇಷ್ಟ ಎಂದಿದ್ದರೆ ಅದು ಅರ್ಧ ನಿಜವೂ ಆಗುತ್ತಿತ್ತು. ಆದರೆ ಅವರು ಕಣ್ಣಿಗೆ ಕಣ್ಣಿಟ್ಟು ಕೇಳಿದ್ದರು.

"ಹದಿನೈದು ಜನ ಆದ್ರೆ ಮಾತ್ರ ನನಗೆ ಸೀಟು," ಎಂದೆ. "ನೀವು ಬರದಿದ್ರೆ ಹದಿನಾಲ್ಕು."

"ಎಷ್ಟು ವರ್ಷ ಆಯ್ತು ಇಲ್ಲಿ?"

"ಏಳು."

ಅವರು ನನ್ನ ತಲೆಯಿಂದ ಟೋಪಿ ತೆಗೆದು, ನಾನು ಹಿಡಿದಿದ್ದ ಕೋಟಿನ ಮೇಲಿಟ್ಟರು. ಹಣೆ ಮುಟ್ಟಿ ನೋಡಿದರು, ಜ್ವರ ನೋಡುವ ಹಾಗೆ. ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು.

"ಬನ್ನಿ ಅಜ್ಜಿ," ಎಂದು ಕೈ ಚಾಚಿದೆ. "ಇನ್ನೂ ಹತ್ತು ನಿಮಿಷ ಇದೆ. ನನಗೋಸ್ಕರ."

"ಬರಲ್ಲ," ಎಂದರು.